ಕೆಲಸ ಕಲಿಸಿದವರನ್ನು ಊಟಕ್ಕೆ ಕರೆಯುವ ಮುನ್ನ

ಮಾನ್ಯರೆ,

ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಶಾಲೆ ಕಾಲೇಜಿನ ಮೇಷ್ಟ್ರುಗಳಿಗೆ ಶಾಲು, ಹಾರ, ಫಲಕ ಸಿದ್ಧವಾಗುತ್ತವೆ. ಸಲ್ಲಬೇಕಾದ್ದೇ. ಆದರೆ ಅಕ್ಷರ ಕಲಿಸಿದವರಿಗೆ ಇರುವಂತೆ ಕೆಲಸ ಕಲಿಸಿದವರಿಗೆ ಅಂತ ಒಂದು ದಿನ ಇಲ್ಲ. ವಿಮಾನದ ಎಚ್‌ಎಎಲ್ (1940), ಟೆಲಿಫೋನಿನ ಐಟಿಐ (1948), ಯಂತ್ರೋಪಕರಣ, ಗಡಿಯಾರದ ಎಚ್‌ಎಂಟಿ (1953), ಎಲೆಕ್ಟ್ರಾನಿಕ್ಸ್‌ನ ಬಿಇಎಲ್ (1954) ಬೆಂಗಳೂರನ್ನು ಕಾರ್ಖಾನೆಗಳ ಊರು ಮಾಡಿದವು. ಅಲ್ಲಿ ಹುಡುಗರ ಕೈಗೆ ಲೋಹ ಉಜ್ಜುವ ಫೈಲ್ (ಅರ) ಕೊಟ್ಟು, ಲೋಹ ಕಡೆಯುವ ಲೇತ್ ಮುಂದೆ ನಿಲ್ಲಿಸಿ ಪಳಗಿಸಿದ ಇನ್‌ಸ್ಟ್ರಕ್ಟರು, ಚಾರ್ಜ್‌ಮನ್, ಫೋರ್‌ಮನ್‌ಗಳಲ್ಲಿ ಉಳಿದಿರುವವರಿಗೆ ಈಗ 80ರ ಆಸುಪಾಸು. 1985ರಲ್ಲಿ 18 ತುಂಬಿ ಅಪ್ರೆಂಟಿಸ್ ಆದವರೇ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಿಗೆ ಬಂದಾಗ ಹಳಬರ ನೆನಪು ಬರುತ್ತದೆ. ‘ಒಂದಿನ ಊಟಕ್ಕೆ ಸಿಗೋಣ ಸಾರ್’ ಎಂಬ ಮಾತು ಹೊರಡುವುದು ಆಗ.

ಈ ಊಟಗಳು ಬಹಳ ಸಲ ಕೆಡುತ್ತವೆ. ಪ್ರೀತಿ ಸಾಲದೆ ಅಲ್ಲ. ಕರೆದವರು ತಮ್ಮ ಗಡಿಯಾರಕ್ಕೆ, ತಮ್ಮ ಹೊಟ್ಟೆಗೆ, ತಮ್ಮ ಕಿವಿಗೆ ತಕ್ಕಂತೆ ಏರ್ಪಾಟು ಮಾಡುತ್ತಾರೆ. ಬರುವವರ ಹೊಟ್ಟೆ, ಕಿವಿ, ಮಂಡಿ ಬೇರೆ. ಅಪ್ರೆಂಟಿಸ್ ತರಬೇತಿಯ ಸುತ್ತಮುತ್ತ ದುಡಿದ ನಾವು ಕೆಲವರು ಇಂಥ ಊಟಗಳಿಗೆ ಓಡಾಡುವವರು. ಎಲ್ಲಿ ಎಡವುತ್ತೇವೆ ಎಂಬುದನ್ನು ಬರೆದಿಟ್ಟರೆ ಈ ಸೆಪ್ಟೆಂಬರಿನಲ್ಲೋ ಆಯುಧಪೂಜೆಯ ಹೊತ್ತಿಗೋ ಯಾರಿಗಾದರೂ ಉಪಯೋಗವಾದೀತೆಂದು ಈ ಪತ್ರ. ಕಾರ್ಖಾನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಬ್ಯಾಂಕು, ಆಸ್ಪತ್ರೆ, ಪತ್ರಿಕಾ ಕಚೇರಿಯವರಿಗೂ ಮುಕ್ಕಾಲು ಪಾಲು ಒಪ್ಪುತ್ತದೆ.

ಮೊದಲು ಅವರನ್ನು ಹುಡುಕಬೇಕು. ಹಳೇ ಡೈರಿಯಲ್ಲಿರುವುದು ಲ್ಯಾಂಡ್‌ಲೈನ್ ನಂಬರು, ಅದು ಸತ್ತು ಎಷ್ಟೋ ವರ್ಷ. ಕ್ವಾರ್ಟರ್ಸ್ ಖಾಲಿ ಮಾಡಿದವರು ನೌಕರರ ಗೃಹ ನಿರ್ಮಾಣ ಸಂಘದ ಬಡಾವಣೆಗೋ ಊರಿಗೋ ಮಗಳ ಮನೆಗೋ ಹೋಗಿರುತ್ತಾರೆ. ಪೆನ್ಷನ್ ಬರುವ ಬ್ಯಾಂಕಿನಲ್ಲಿ ಕೇಳಿದರೆ ನಂಬರು ಕೊಡುವುದಿಲ್ಲ, ಕೊಡಲೂಬಾರದು. ಸಿಗುವುದು ಎರಡು ಕಡೆ: ನಿವೃತ್ತ ನೌಕರರ ಸಂಘದ ಪಟ್ಟಿಯಲ್ಲಿ, ಇಲ್ಲವೇ ಅದೇ ಸೆಕ್ಷನ್ನಿನಲ್ಲಿದ್ದ ಇನ್ನೊಬ್ಬರ ಫೋನಿನಲ್ಲಿ. ಎರಡನೆಯದೇ ಒಳ್ಳೆಯದು. ಏಕೆಂದರೆ ನಂಬರಿನ ಜೊತೆಗೇ ಇನ್ನೂ ಎರಡು ಸಂಗತಿ ಕೇಳಿ ತಿಳಿದುಕೊಳ್ಳಬಹುದು: ಆರೋಗ್ಯ ಹೇಗಿದೆ, ಮನೆಯವರು ಇದ್ದಾರೆಯೇ. ಇದನ್ನು ಕೇಳದೆ ನೇರ ಫೋನ್ ಮಾಡಿ, ಸಲಿಗೆಯಲ್ಲಿ ‘ಅಮ್ಮಾವ್ರು ಹೇಗಿದ್ದಾರೆ ಸಾರ್’ ಎಂದು, ಆ ಕಡೆಯಿಂದ ಮೌನ ಬಂದಾಗ ಪೇಚಾಡಿದವರು ಒಬ್ಬಿಬ್ಬರಲ್ಲ.

ಇನ್ನು ಫೋನು. ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸಿ ದುಡ್ಡು ಕೀಳುವ ಕಳ್ಳರ ಕಾಲವಿದು. ಗೊತ್ತಿಲ್ಲದ ನಂಬರನ್ನು ಹಿರಿಯರು ಎತ್ತುವುದಿಲ್ಲ, ಎತ್ತಬೇಡಿ ಎಂದು ಮಕ್ಕಳು ತಾಕೀತು ಮಾಡಿರುತ್ತಾರೆ. ಆದ್ದರಿಂದ ಗುರುತಿನವರಿಂದ ‘ಇಂಥವನು ನಾಳೆ ಫೋನ್ ಮಾಡ್ತಾನೆ’ ಎಂದು ಮೊದಲೇ ಹೇಳಿಸಿ. ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಒಳ್ಳೆಯ ಹೊತ್ತು: ಪೂಜೆ ತಿಂಡಿ ಮುಗಿದಿರುತ್ತದೆ, ಊಟ ಇನ್ನೂ ದೂರ. ಎರಡರಿಂದ ನಾಲ್ಕು ಬೇಡ.

ಎತ್ತಿದ ತಕ್ಷಣ ‘ಯಾರು ಹೇಳಿ ನೋಡೋಣ’ ಎಂಬ ಒಗಟು ದಯವಿಟ್ಟು ಬೇಡ. ಎಂಬತ್ತರ ನೆನಪಿಗೆ ಅದು ಪರೀಕ್ಷೆ. ಹೆಸರು ಹೊಳೆಯದಿದ್ದರೆ ಅವರಿಗೆ ಆಗುವ ಸಂಕಟ ನಮಗೆ ಕಾಣುವುದಿಲ್ಲ. ಹೆಸರು, ಬ್ಯಾಚಿನ ವರ್ಷ, ಸೆಕ್ಷನ್, ಪಕ್ಕದ ವೈಸ್‌ನಲ್ಲಿ (ಕೆಲಸದ ತುಂಡನ್ನು ಬಿಗಿಹಿಡಿಯುವ ಸಾಧನ) ನಿಲ್ಲುತ್ತಿದ್ದವನ ಹೆಸರು, ಈ ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿಬಿಡಿ. ಟೋಕನ್ ನಂಬರ್, ಅಂದರೆ ಕಾರ್ಖಾನೆ ಕೊಟ್ಟ ಗುರುತಿನ ಸಂಖ್ಯೆ, ನೆನಪಿದ್ದರೆ ಅದನ್ನೂ. ಕಾರ್ಖಾನೆಯವರಿಗೆ ಮುಖ ಮರೆತರೂ ಟೋಕನ್ ನಂಬರಿನ ಜೊತೆಗೆ ಹುಡುಗ ನೆನಪಾಗುವುದುಂಟು.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು. ನಿವೃತ್ತರಾದವರ ಬಳಿ ಪಿಎಫ್, ಗ್ರಾಚ್ಯುಟಿ ದುಡ್ಡಿದೆ ಎಂದು ಹಳೇ ಶಿಷ್ಯರು ಪಾಲಿಸಿ ಮಾರಲು, ಚೀಟಿಗೆ ಸೇರಿಸಲು, ಸೈಟು ತೋರಿಸಲು ಬರುವುದು ಹೊಸದಲ್ಲ. ಇಪ್ಪತ್ತು ವರ್ಷದ ಮೇಲೆ ಫೋನ್ ಬಂದರೆ ಅವರಿಗೆ ಮೊದಲು ಹುಟ್ಟುವುದು ಅದೇ ಅನುಮಾನ, ತಪ್ಪೂ ಅಲ್ಲ. ‘ಏನೂ ಕೆಲಸ ಇಲ್ಲ ಸಾರ್, ನೋಡಬೇಕು ಅನ್ನಿಸ್ತು’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು. ಮಗನಿಗೆ ಕೆಲಸ, ಯಾರಿಗೋ ಒಂದು ಶಿಫಾರಸು ಇದ್ದರೆ ಅದು ಬೇರೆ ದಿನದ ಮಾತು, ಬೇರೆ ಫೋನಿನ ಮಾತು. ಊಟದ ಕೊನೆಗೆ ‘ಅಂದಹಾಗೆ ಸಾರ್’ ಎಂದು ಶುರುವಾದರೆ ಅಲ್ಲಿಯವರೆಗೆ ಆಡಿದ್ದೆಲ್ಲ ಅದಕ್ಕೆ ಪೀಠಿಕೆಯಾಗಿಬಿಡುತ್ತದೆ.

ದಿನ ಗೊತ್ತುಮಾಡುವಾಗ ಪಂಚಾಂಗ ಕೈಲಿರಲಿ. ನಮಗೆ ಭಾನುವಾರ ಅನುಕೂಲ. ಅವರಿಗೆ ಅಂದೇ ಮಕ್ಕಳು ಮೊಮ್ಮಕ್ಕಳು ಬರುವ ದಿನ, ಹೋಟೆಲಿನಲ್ಲೂ ನೂಕುನುಗ್ಗಲು. ಬುಧವಾರವೋ ಗುರುವಾರವೋ ಅರ್ಧ ದಿನ ರಜೆ ಹಾಕಿ. ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು, ಶ್ರಾವಣ ಸೋಮವಾರ ಕೇಳಿಕೊಳ್ಳಿ. ಭಾದ್ರಪದದ ಪಿತೃಪಕ್ಷದಲ್ಲಿ ಹೊರಗೆ ಉಣ್ಣದವರು ಬಹಳ ಮಂದಿ. ಮಾಧ್ವರ ಮನೆಯಾದರೆ ಚಾತುರ್ಮಾಸ್ಯದ ನಾಲ್ಕು ತಿಂಗಳೂ ಲೆಕ್ಕವಿದೆ: ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಅಂಥ ದಿನ ಹೋಟೆಲಿಗೆ ಕರೆದರೆ ಅವರು ಬಂದು, ಅನ್ನ ಕಲಸುತ್ತಾ ಕೂತು, ಹಸಿದುಕೊಂಡೇ ಮನೆಗೆ ಹೋಗುತ್ತಾರೆ. ನಮಗೆ ಬೇಜಾರಾದೀತೆಂದು ಹೇಳುವುದಿಲ್ಲ. ಮುಸ್ಲಿಂ ಹಿರಿಯರಾದರೆ ರಂಜಾನ್ ತಿಂಗಳು ಬಿಡಿ, ಶುಕ್ರವಾರ ಜುಮ್ಮಾ ನಮಾಜಿನ ಹೊತ್ತು ಬಿಡಿ. ಮಾಂಸದೂಟದವರಲ್ಲೂ ಸೋಮವಾರ, ಶನಿವಾರ ಮುಟ್ಟದವರಿದ್ದಾರೆ. ಕೇಂದ್ರ ಸರ್ಕಾರದ ಪೆನ್ಷನ್‌ದಾರರಿಗೆ ನವೆಂಬರ್ ತಿಂಗಳು ಜೀವನ ಪ್ರಮಾಣ ಪತ್ರದ ಓಡಾಟ, 80 ದಾಟಿದವರಿಗೆ ಅದು ಅಕ್ಟೋಬರ್ 1ರಿಂದಲೇ ಶುರು. (ಆ ಪತ್ರವನ್ನು ಈಗ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಕೊಡಬಹುದು. ಊಟಕ್ಕೆ ಕರೆದವರು ಅದೊಂದನ್ನು ಮಾಡಿಕೊಟ್ಟರೆ ಶಾಲಿಗಿಂತ ಮೇಲು.)

ಜಾಗದ ವಿಷಯದಲ್ಲಿ ನಾಸ್ಟಾಲ್ಜಿಯಾ ನಮ್ಮನ್ನು ದಾರಿ ತಪ್ಪಿಸುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಎಲ್ಲರಿಗೂ ನೆನಪಿನ ಜಾಗ; ಆದರೆ ಅದು ತಿಂಡಿ ಹೋಟೆಲು, ಊಟದ್ದಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಊಟ ಚೆನ್ನ, ಆದರೆ ಒಂದಾದ ಮೇಲೊಂದು ಬಡಿಸುತ್ತ ಹೋಗುವ ಭರ್ಜರಿ ಊಟ, ರಜೆಯ ದಿನ ಕಾಯುವ ಸಾಲೂ ಉದ್ದ. ದರ್ಶಿನಿಗಳಲ್ಲಿ ನಿಂತು ತಿನ್ನಬೇಕು. ಅವರ ಮನೆಯಿಂದ ಎರಡು ಮೂರು ಕಿಲೋಮೀಟರಿನೊಳಗೆ ನೆಲಮಹಡಿಯಲ್ಲಿ ಕೂತು ಉಣ್ಣುವ ಒಂದು ಸಾಧಾರಣ ಹೋಟೆಲು ಸಿಕ್ಕರೆ ಹೆಸರಾದ ಹೋಟೆಲಿಗಿಂತ ಅದೇ ವಾಸಿ. ಹಿಂದಿನ ದಿನ ನೀವೊಬ್ಬರೇ ಹೋಗಿ ನೋಡಿ ಬನ್ನಿ. ನೋಡಬೇಕಾದ್ದು ಮೆನು ಅಲ್ಲ. ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ. ಶೌಚಾಲಯ ಅದೇ ಮಹಡಿಯಲ್ಲಿದೆಯೇ, ಕಮೋಡ್ ಇದೆಯೇ, ನೆಲ ಜಾರುತ್ತದೆಯೇ. ಕುರ್ಚಿಗೆ ಕೈ ಇದೆಯೇ. ಬಿಪಿಗೆಂದು ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರು ಬೆಳಗ್ಗೆ ಎರಡು ಮೂರು ಸಲ ಎದ್ದುಹೋಗಬೇಕಾಗುತ್ತದೆ. ಶೌಚಾಲಯ ಮೇಲಿನ ಮಹಡಿಯಲ್ಲಿದ್ದರೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಗೋಡೆಗೆ ಅಂಟಿಸಿದ ಸೋಫಾ ಸೀಟು ಮಂಡಿ ನೋವಿನವರಿಗೆ ಶಿಕ್ಷೆ: ಕೂರುವುದು ಸುಲಭ, ಏಳುವುದಕ್ಕೆ ಹಿಡಿತವಿಲ್ಲ.

ಕರೆತರಲು ಸ್ಕೂಟರಿನ ಹಿಂದಿನ ಸೀಟು ಬೇಡ. ಕಾರು ಅಥವಾ ಆಟೊ ನೀವೇ ಮನೆ ಬಾಗಿಲಿಗೆ ತೆಗೆದುಕೊಂಡು ಹೋಗಿ.

ಇನ್ನು ಹೊತ್ತು. ಇದೊಂದು ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎಡವಟ್ಟಾದರೆ ಆಸ್ಪತ್ರೆಯಲ್ಲಿ ಮುಗಿಯುವುದು ಇಲ್ಲಿಯೇ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಮುಖ್ಯವಾಗಿ ಗ್ಲಿಮೆಪಿರೈಡ್ ಜಾತಿಯವು, ಊಟಕ್ಕೆ ಮುಂಚೆ ನುಂಗುವಂಥವು. ನುಂಗಿದ ಮೇಲೆ ಅನ್ನ ಬೀಳಲೇಬೇಕು. ‘ಒಂದು ಗಂಟೆಗೆ ಸಿಗೋಣ’ ಎಂದು ಕರೆದವರು ಟ್ರಾಫಿಕ್ಕಿನಲ್ಲಿ ಸಿಕ್ಕಿ ಒಂದೂವರೆಗೆ ಬಂದು, ಟೇಬಲ್ ಸಿಗುವುದು ಎರಡಾಗಿ, ಆರ್ಡರ್ ಬರುವುದು ಎರಡೂಕಾಲಾದರೆ ಆ ಹೊತ್ತಿಗೆ ರಕ್ತದ ಸಕ್ಕರೆ 70ರ ಕೆಳಗಿಳಿದಿರಬಹುದು. ಅವರು ಹೇಳುವುದಿಲ್ಲ. ಹಣೆ ಬೆವರುತ್ತದೆ, ಬೆರಳು ನಡುಗುತ್ತದೆ, ಮಾತು ತೊದಲುತ್ತದೆ, ಸಾಧು ಮನುಷ್ಯ ಇದ್ದಕ್ಕಿದ್ದಂತೆ ಸಿಡುಕುತ್ತಾನೆ. ಸಪ್ಲೈಯರ್ ಮೇಲೆ ರೇಗಿದರೆ ‘ಸಾರ್ ಇನ್ನೂ ಹಾಗೇ ಇದ್ದಾರೆ’ ಎಂದು ನಗಬೇಡಿ, ಮೊದಲು ಸಕ್ಕರೆ ಕೊಡಿ: ಮೂರು ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿದ ಮೇಲೆ ಅನ್ನ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು, 108ಕ್ಕೆ ಫೋನ್ ಮಾಡಬೇಕು.

ಇದಾವುದೂ ಆಗದಿರಲು ದಾರಿ ಸುಲಭ. ಮನೆಯಲ್ಲಿ ಅವರು ಎಷ್ಟು ಗಂಟೆಗೆ ಉಣ್ಣುತ್ತಾರೆ ಎಂದು ಫೋನಿನಲ್ಲೇ ಕೇಳಿ. ಬಹುಮಟ್ಟಿಗೆ ಹನ್ನೆರಡೂವರೆ ಎನ್ನುತ್ತಾರೆ, ಕಾರ್ಖಾನೆಯ ಸೈರನ್ ಹೊಟ್ಟೆಯಲ್ಲಿ ಇನ್ನೂ ಕೂಗುತ್ತಿರುತ್ತದೆ. ಹಾಗಾದರೆ ಹನ್ನೆರಡೂಕಾಲಿಗೆ ಹೋಟೆಲಿನಲ್ಲಿ ಕೂತಿರಬೇಕು. ಮಾತ್ರೆಯನ್ನೋ ಇನ್ಸುಲಿನ್ನನ್ನೋ ಮನೆಯಲ್ಲೇ ಮುಗಿಸಿ ಹೊರಡುವುದು ಬೇಡ, ಜೇಬಿನಲ್ಲಿಟ್ಟುಕೊಂಡು ಬರಲಿ. ಊಟ ಎದುರಿಗೆ ಬರುವುದು ಖಾತ್ರಿಯಾದ ಮೇಲೆ ವೈದ್ಯರು ಹೇಳಿದ ಕ್ರಮದಲ್ಲಿ ತೆಗೆದುಕೊಳ್ಳಲಿ. ಕೈ ತೊಳೆದು ಕಾಫಿ ಕುಡಿದು ಎರಡು ಗಂಟೆಯೊಳಗೆ ಮನೆ ಸೇರಿದರೆ ಮಧ್ಯಾಹ್ನದ ನಿದ್ದೆಗೂ ಭಂಗವಿಲ್ಲ. ಒಂದೂಮುಕ್ಕಾಲು ಗಂಟೆ ಸಾಕು. ಮಾತು ಉಳಿದರೆ ಇನ್ನೊಂದು ಊಟಕ್ಕೆ ನೆಪವಾಯಿತು.

ಉಪ್ಪಿನಕಾಯಿ, ಹಪ್ಪಳ ಬಡಿಸುವಾಗ ‘ಬಿಪಿ ಸಾರ್, ಬೇಡ’ ಎಂದು ನೀವು ತಡೆಯಬೇಡಿ, ಅದು ಅವರ ಮನೆಯವರ ಕೆಲಸ. ಅನ್ನ ಮೆತ್ತಗಿರಲಿ ಎಂದು ಅಡುಗೆಯವರಿಗೆ ಒಂದು ಮಾತು ಹೇಳಿ. ಕಟ್ಟಿಸಿದ ಹಲ್ಲಿಗೆ ಆರಿದ ಚಪಾತಿ, ಹಸಿ ಕಡಲೆಬೇಳೆ ಕೋಸಂಬರಿ ಕಷ್ಟ. ಕೈಲಿ ಹಿಡಿದು ಹೋಗುವುದಕ್ಕೆ ಸ್ವೀಟ್ ಬಾಕ್ಸ್ ಬೇಡ. ಎಳನೀರಾದರೆ ಯಾರಿಗೂ ಆಗುತ್ತದೆ ಎಂದುಕೊಂಡಿರುತ್ತೇವೆ. ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು, ಮೂತ್ರಪಿಂಡದ ತೊಂದರೆ ಇರುವವರಿಗೆ ಆಗದು. ಸೀಬೆ, ಪರಂಗಿ ಎರಡರಲ್ಲಿ ಯಾವುದಾಗುತ್ತದೆ ಎಂದು ಮನೆಯವರನ್ನೇ ಕೇಳಿಬಿಡಿ.

ಎಲ್ಲಿ ಕೂರಬೇಕು ಎನ್ನುವುದೂ ಚಿಕ್ಕ ವಿಷಯವಲ್ಲ. ವಯಸ್ಸಾದಂತೆ ಮೊದಲು ಮಂದವಾಗುವುದು ತೀಕ್ಷ್ಣ ಸ್ವರಗಳ ಕೇಳ್ಮೆ. ದನಿ ಕೇಳುತ್ತದೆ, ಆದರೆ ಸ, ಶ, ತ, ಕ ಅಕ್ಷರಗಳು ಉದುರಿಹೋಗುತ್ತವೆ. ಪ್ರೆಸ್ ಶಾಪ್, ಫೋರ್ಜ್ ಶಾಪ್‌ನಲ್ಲಿ ಮೂವತ್ತು ವರ್ಷ ಕಳೆದವರಿಗೆ ಇದು ಇನ್ನೂ ಬೇಗ ಬಂದಿರುತ್ತದೆ. ಮಿಕ್ಸಿ, ತಟ್ಟೆ ಲೋಟ ತೊಳೆಯುವ ಜಾಗ, ಸ್ಪೀಕರು, ಈ ಮೂರರಿಂದಲೂ ದೂರದ ಮೂಲೆ ಹಿಡಿಯಿರಿ. ಅವರ ಬೆನ್ನು ಗೋಡೆಗಿರಲಿ, ನಿಮ್ಮ ಮುಖದ ಮೇಲೆ ಬೆಳಕು ಬೀಳಲಿ. ತುಟಿ ಕಂಡರೆ ಅರ್ಧ ಕೇಳಿದಂತೆ. ಕೂಗಿ ಹೇಳಬೇಡಿ, ನಿಧಾನವಾಗಿ ಹೇಳಿ. ಗುಂಪಿನಲ್ಲಿ ಹೋಗುವುದಾದರೆ ನಿಮ್ಮೊಂದಿಗೆ ಒಬ್ಬರೋ ಇಬ್ಬರೋ ಸಾಕು. ಹತ್ತು ಮಂದಿ ಸುತ್ತ ಕೂತು ತಮ್ಮತಮ್ಮಲ್ಲೇ ಹರಟಿ, ನಡುವೆ ಹಿರಿಯರು ಸುಮ್ಮನೆ ನಗುತ್ತಾ ಕೂತ ಫೋಟೊಗಳನ್ನು ವಾಟ್ಸ್‌ಆ್ಯಪಿನಲ್ಲಿ ಸಾಕಷ್ಟು ನೋಡಿದ್ದೇವೆ. ಶಿಷ್ಯೆಯರು ಒಬ್ಬರೇ ಹೋಗುವಾಗ ಮುಜುಗರವೆನಿಸಿದರೆ ಮನೆಯ ಅಮ್ಮನವರನ್ನೂ ಕರೆಯಿರಿ. ಆ ಅಮ್ಮನವರ ನೆನಪು ಗುರುಗಳಿಗಿಂತ ಚುರುಕಾಗಿರುವುದೂ ಉಂಟು.

ಮಾತಿಗೆ ಏನು? ಸಂಬಳ, ಮಗನ ಅಮೆರಿಕ, ಅಪಾರ್ಟ್‌ಮೆಂಟು ಇವು ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಆಮೇಲೆ ಕಾರ್ಖಾನೆ ಮುಚ್ಚಿದ್ದರ ಬಗ್ಗೆ ಬೈಗುಳ ಬರುತ್ತದೆ, ಅದೂ ಮುಗಿಯುತ್ತದೆ. ‘ನಿಮ್ಮಿಂದಲೇ ಸಾರ್ ಎಲ್ಲಾ’ ಎಂಬ ಹೊಗಳಿಕೆಗೆ ಅವರು ಕೈಯಾಡಿಸಿಬಿಡುತ್ತಾರೆ. ಕಲಿಸಿದವರಿಗೆ ಬೇಕಿರುವುದು ತಾವು ಕಲಿಸಿದ್ದರಲ್ಲಿ ಯಾವುದು ಎಲ್ಲಿ ಕೆಲಸಕ್ಕೆ ಬಂತು ಎಂಬ ಸುದ್ದಿ. ಅದಕ್ಕಿಂತ ಹೆಚ್ಚಾಗಿ, ಈಗಲೂ ಉತ್ತರ ಬೇಕಾದ ಒಂದು ಪ್ರಶ್ನೆ.

ಆದ್ದರಿಂದ ಜೇಬಿನಲ್ಲಿ ಒಂದು ತುಂಡು ಕಬ್ಬಿಣ ಇಟ್ಟುಕೊಂಡು ಹೋಗಿ. ತಮಾಷೆಗೆ ಹೇಳುತ್ತಿಲ್ಲ. ಒಂದಿಂಚು ದಪ್ಪ, ನಾಲ್ಕಿಂಚು ಉದ್ದದ ಲೇತಿನ ಕೆಲಸ, ಕಡೆಯುವಾಗ ನಡುಕ ಹುಟ್ಟಿ ಮೈಮೇಲೆ ಚ್ಯಾಟರ್ ಗೆರೆ ಬಿದ್ದು ರಿಜೆಕ್ಟ್ ಆದದ್ದು. ಅಂಚಿನ ಬರ್ ಅನ್ನು, ಅಂದರೆ ಚೂಪು ಮುಳ್ಳನ್ನು, ಫೈಲ್ ಹಾಕಿ ಪೂರ್ತಿ ತೆಗೆಯಿರಿ. ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರಿಗೆ ಗೀರು ಬಿದ್ದರೆ ಬೇಗ ನಿಲ್ಲುವುದಿಲ್ಲ. ಎಣ್ಣೆ ಒರೆಸಿ ಬನಿಯನ್ ಬಟ್ಟೆಯಲ್ಲಿ ಸುತ್ತಿ. ಊಟ ಮುಗಿದು ಮೇಜು ಒರೆಸಿದ ಮೇಲೆ ಎದುರಿಗಿಟ್ಟು ‘ಇದು ಯಾಕೆ ಹೀಗಾಗುತ್ತೆ ಸಾರ್’ ಎನ್ನಿ. ಕನ್ನಡಕ ಹುಡುಕುವುದಕ್ಕೆ ಮೊದಲೇ ಹೆಬ್ಬೆರಳಿನ ಉಗುರು ಅದರ ಮೇಲೆ ಓಡುತ್ತದೆ. ಗೆರೆಯ ಅಂತರ ಉಗುರಿಗೆ ಸಿಗುತ್ತದೆ. ಆಮೇಲೆ ಪ್ರಶ್ನೆಗಳು ಅವರ ಕಡೆಯಿಂದ: ಟೂಲ್ ಎಷ್ಟು ಹೊರಕ್ಕೆ ಚಾಚಿತ್ತು, ತುದಿಗೆ ಆಸರೆಯಾಗಿ ಸೆಂಟರ್ ಕೊಟ್ಟಿದ್ದೆಯಾ, ಸ್ಪಿಂಡಲ್ ಬೇರಿಂಗಿನಲ್ಲಿ ಆಟ (ಸಡಿಲ) ನೋಡಿದೆಯಾ, ಚಿಪ್ (ಕಡೆದಾಗ ಸುರುಳಿಯಾಗಿ ಬರುವ ಲೋಹದ ಚೂರು) ಯಾವ ಬಣ್ಣ ಬರುತ್ತಿತ್ತು? ಹೈಸ್ಪೀಡ್ ಸ್ಟೀಲ್ ಟೂಲಿನಲ್ಲಿ ಚಿಪ್ ನೀಲಿಯಾದರೆ ಸ್ಪೀಡ್ ಮಿತಿ ಮೀರಿದೆ, ಟೂಲಿನ ಅಲಗು ಹೋಗುತ್ತದೆ. ಕಾರ್ಬೈಡಿನಲ್ಲಿ ಅದೇ ನೀಲಿಗೆ ಗಾಬರಿಯಾಗಬೇಕಿಲ್ಲ. ಇಂಥದ್ದು ಪುಸ್ತಕದಲ್ಲಿಯೂ ಸಿಗುತ್ತದೆ, ನಿಜ. ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುವುದು ಸಿಗುವುದಿಲ್ಲ.

ಸ್ಕ್ರೇಪಿಂಗ್, ಅಂದರೆ ಲೋಹದ ಮೈಯನ್ನು ಕೈಯಿಂದ ಕೆರೆದು ಸಮಮಾಡುವ ಕೆಲಸದವರಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಸಮತಟ್ಟು ಪರೀಕ್ಷಿಸುವ ಸರ್ಫೇಸ್ ಪ್ಲೇಟಿಗೆ, ಉಬ್ಬಿದ ಜಾಗ ತೋರಿಸುವ ನೀಲಿ ಬಣ್ಣ ಎಷ್ಟು ತೆಳ್ಳಗೆ ಹಚ್ಚಬೇಕು ಎಂಬುದು ಕೈಯಿಂದ ಕೈಗೆ ದಾಟುವ ವಿದ್ಯೆ. ದಪ್ಪ ಹಚ್ಚಿದರೆ ತಗ್ಗಿರುವ ಜಾಗವೂ ಬಣ್ಣ ಹಿಡಿದು ಸುಳ್ಳು ಚುಕ್ಕೆ ತೋರಿಸುತ್ತದೆ. ಅದನ್ನು ನಂಬಿ ಕೆರೆದವನು ಇದ್ದ ಹದವನ್ನೂ ಕೆಡಿಸುತ್ತಾನೆ. ‘ಮುಗಿಯುತ್ತಾ ಬಂದಂತೆ ನೀಲಿ ಇನ್ನೂ ಕಮ್ಮಿ ಮಾಡು’ ಎಂದು ಹೇಳುವಾಗ ಅವರ ಅಂಗೈ ಮೇಜಿನ ಮೇಲೆ ತಾನಾಗಿ ಸವರಾಡುತ್ತದೆ. ಆ ಕೈಯನ್ನು ವಿಡಿಯೊ ಮಾಡಿಕೊಳ್ಳಿ, ಕೇಳಿ ಮಾಡಿಕೊಳ್ಳಿ. ಹೋಟೆಲಿನಲ್ಲಿ ಫೋನನ್ನು ಬರೀ ಮೇಜಿನ ಮೇಲಿಟ್ಟರೆ ತಟ್ಟೆ ಸದ್ದೇ ರೆಕಾರ್ಡ್ ಆಗುತ್ತದೆ. ಮಡಿಸಿದ ಕರವಸ್ತ್ರದ ಮೇಲಿಟ್ಟರೆ ವಾಸಿ.

ಕೆಲಸದ ತುಂಡು ಇಲ್ಲದವರು ಬ್ಯಾಚಿನ ಗ್ರೂಪ್ ಫೋಟೊ ಒಯ್ಯಿರಿ. ಮೂಲವನ್ನಲ್ಲ, ಎ4 ಹಾಳೆಯಲ್ಲಿ ದೊಡ್ಡದಾಗಿ ತೆಗೆಸಿದ ಪ್ರತಿ. ಮುಖದ ಪಕ್ಕದಲ್ಲಿ ಅವರೇ ಪೆನ್ಸಿಲಿನಲ್ಲಿ ಹೆಸರು ಬರೆಯಲಿ. ಬರೆಯುತ್ತಾ ತಪ್ಪಿದರೆ ತಿದ್ದಬೇಡಿ. ಒಂದೇ ಕತೆ ಎರಡನೇ ಸಲ ಬಂದರೆ ‘ಆಗಲೇ ಹೇಳಿದ್ರಿ’ ಎನ್ನಬೇಡಿ. ಹಳೇ ಜಗಳ, ತಪ್ಪಿದ ಪ್ರಮೋಷನ್, ಮಾತು ಬಿಟ್ಟ ದಿನಗಳು ಇದ್ದರೆ ತಟ್ಟೆ ಬರುವ ಮುಂಚೆ ‘ಆವತ್ತು ನಂದೂ ತಪ್ಪಿತ್ತು ಸಾರ್’ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡಿ. ಅನ್ನದ ಮುಂದೆ ಪಂಚಾಯಿತಿ ಬೇಡ.

ಬಿಲ್ಲಿಗೆ ಜಗಳವಾಗಿಯೇ ಆಗುತ್ತದೆ. ಹುಡುಗರಿಂದ ಉಣ್ಣಿಸಿಕೊಂಡು ಅಭ್ಯಾಸವಿಲ್ಲದ ಪೀಳಿಗೆ ಅದು. ಕೂರುವ ಮೊದಲೇ ಗಲ್ಲಾದಲ್ಲಿ ಮುಂಗಡ ಕೊಟ್ಟು, ಬಿಲ್ಲು ಮೇಜಿಗೆ ತರಬೇಡಿ ಎಂದು ಹೇಳಿಟ್ಟಿರಿ. ಆದರೆ ಕಾಫಿಯ ದುಡ್ಡು ಅವರೇ ಕೊಡಲಿ. ಅದನ್ನೂ ಕಿತ್ತುಕೊಂಡರೆ ಮುಂದಿನ ಸಲ ಬರುವುದಕ್ಕೆ ಸಂಕೋಚ ಪಡುತ್ತಾರೆ. ಮನೆಗೆ ಬಿಟ್ಟ ಸಂಜೆ ಒಂದು ಫೋನು, ವಾರದೊಳಗೆ ಫೋಟೊದ ಒಂದು ಪ್ರಿಂಟು. ವಾಟ್ಸ್‌ಆ್ಯಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಬೇಡ.

ತಮ್ಮ ಪತ್ರಿಕೆಯ ಮೂಲಕ ಎರಡು ಕೋರಿಕೆ. ಹೋಟೆಲ್ ಮಾಲೀಕರು ನೆಲಮಹಡಿಯಲ್ಲಿ ಸ್ಪೀಕರಿನಿಂದ ದೂರ, ಕೈಯಿರುವ ನಾಲ್ಕು ಕುರ್ಚಿಯ ಒಂದು ಮೇಜನ್ನು ವಾರದ ದಿನಗಳಲ್ಲಿ ಹನ್ನೆರಡರಿಂದ ಒಂದರವರೆಗೆ ಹಿರಿಯರಿಗೆಂದು ಬಿಟ್ಟುಕೊಡಲಿ. ಆ ಹೊತ್ತಿನಲ್ಲಿ ರಶ್ ಇನ್ನೂ ಶುರುವಾಗಿರುವುದಿಲ್ಲ, ವ್ಯಾಪಾರಕ್ಕೆ ನಷ್ಟವಿಲ್ಲ. ನಿವೃತ್ತ ನೌಕರರ ಸಂಘಗಳು ವಾರ್ಷಿಕ ಸಭೆಯ ಊಟದಲ್ಲಿ ಗಣ್ಯರ ಭಾಷಣ ಒಂದೆರಡು ಕಮ್ಮಿ ಮಾಡಿ, ಮೇಜುಗಳ ಮೇಲೆ ‘ಟೂಲ್ ರೂಮ್’, ‘ಹೀಟ್ ಟ್ರೀಟ್‌ಮೆಂಟ್’, ‘ಅಸೆಂಬ್ಲಿ’ ಎಂದು ರಟ್ಟಿನ ಬೋರ್ಡು ಇಡಲಿ. ಇನ್ನೂ ನಡೆಯುತ್ತಿರುವ ಕಾರ್ಖಾನೆಗಳಲ್ಲಿ ಆಯುಧಪೂಜೆಯ ದಿನ ಹಳೇ ಇನ್‌ಸ್ಟ್ರಕ್ಟರನ್ನು ಒಳಗೆ ಕರೆದೊಯ್ಯಬೇಕೆನ್ನುವವರು ಗೇಟ್ ಪಾಸಿಗೆ ಹಿಂದಿನ ದಿನ ಓಡಿದರೆ ಆಗದು. ಹೆಸರು, ಗುರುತಿನ ಚೀಟಿಯ ಪ್ರತಿ, ವಾಹನದ ನಂಬರು ಸೆಕ್ಯುರಿಟಿಗೆ ಎರಡು ವಾರ ಮೊದಲೇ ತಲುಪಿರಲಿ. ವೀಲ್‌ಚೇರ್ ಬೇಕಿದ್ದರೆ ಅದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ, ಗೇಟಿನಿಂದ ಶಾಪ್‌ವರೆಗಿನ ನಡಿಗೆ ನಮಗೆ ಮರೆತಿರುತ್ತದೆ.

— ಅಪ್ರೆಂಟಿಸ್ ತರಬೇತಿಯಲ್ಲಿ ದುಡಿದ ಕೆಲವರು, ಬೆಂಗಳೂರು